ಒಡೆಯದೆ ಒಳಗನ್ನು ನೋಡಿದವರು

ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಿನಿಂದ ಬಡಿದು ಸದ್ದು ಕೇಳುತ್ತಾರೆ. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಕಲ್ಲಂಗಡಿಯನ್ನು ತಟ್ಟಿ ನೋಡುತ್ತಾರೆ. ಎಲ್ಲರಿಗೂ ಬೇಕಿರುವುದು ಒಂದೇ: ಒಡೆಯದೆ, ಕೊಯ್ಯದೆ, ಒಳಗೇನಿದೆ ಎಂದು ತಿಳಿಯುವುದು. ಕಾರ್ಖಾನೆಯಲ್ಲೂ ಇದೇ ಕಷ್ಟ. ನಮ್ಮ ಪಕ್ಕದ ಹರಿಹರ ಒಂದು ಕಾಲದಲ್ಲಿ ಮೈಸೂರು ಕಿರ್ಲೋಸ್ಕರ್ ಲೇತ್‌ಗಳಿಗೆ ಹೆಸರಾಗಿತ್ತು. ಲೇತ್‌ನ ಬೆಡ್ ಎಂದರೆ ಎರಕ ಹೊಯ್ದ ಕಬ್ಬಿಣ. ಹೊರಗಿನಿಂದ ಎಷ್ಟೇ ನುಣುಪಾಗಿದ್ದರೂ ಎರಕದ ಒಳಗೆ ಗಾಳಿಯ ಗುಳ್ಳೆ ಉಳಿದಿರಬಹುದು. ಒಡೆದು ನೋಡಿದರೆ ಗೊತ್ತಾಗುತ್ತದೆ ನಿಜ, ಆದರೆ ಆಮೇಲೆ ಆ ಎರಕ ಯಾರಿಗೂ ಬೇಡ.

ಈ ಒಂದೇ ಪ್ರಶ್ನೆಯ ಬೆನ್ನು ಹತ್ತಿ ವಜ್ರದಿಂದ ಚರ್ಮದವರೆಗೆ, ಅಲ್ಲಿಂದ ಸ್ಕ್ಯಾನ್ ಯಂತ್ರದ ಗಣಿತದವರೆಗೆ ನಡೆದ ವಿಜ್ಞಾನಿಯೊಬ್ಬರಿದ್ದರು. ಅವರು ಜಿ.ಎನ್. ರಾಮಚಂದ್ರನ್. ಬಯೋಟೆಕ್ ಓದುವ ಗೆಳೆಯರಿಗೆ ಈ ಹೆಸರು ಗೊತ್ತು, ಅವರ ಪಠ್ಯದಲ್ಲಿ ರಾಮಚಂದ್ರನ್ ನಕ್ಷೆ ಎಂಬ ಪಾಠವೇ ಇದೆ. ಎಂಜಿನಿಯರಿಂಗ್‌ನ ಉಳಿದ ಬ್ರಾಂಚ್‌ಗಳಲ್ಲಿ ಕೇಳಿದವರು ಕಡಿಮೆ. ಆದರೆ ಅವರು ಬೆಂಗಳೂರಿಗೆ ಕಾಲಿಟ್ಟದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲೆಂದು. ಅದೇ ಬ್ರಾಂಚ್‌ನಲ್ಲಿ ಓದುತ್ತಿರುವ ನನಗೆ ಅವರ ಬದುಕನ್ನು ತಿಳಿಯುವ ಕುತೂಹಲ ಹುಟ್ಟಿದ್ದೂ ಇದರಿಂದಲೇ.

ಗೋಪಾಲಸಮುದ್ರಂ ನಾರಾಯಣ ರಾಮಚಂದ್ರನ್ ಹುಟ್ಟಿದ್ದು 1922ರ ಅಕ್ಟೋಬರ್ 8ರಂದು, ಕೇರಳದ ಎರ್ನಾಕುಲಂನಲ್ಲಿ. ತಂದೆ ಅಲ್ಲಿನ ಮಹಾರಾಜಾ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರು. ಮುಂದೆ ರಾಮಚಂದ್ರನ್ ಯಾವ ವಿಷಯಕ್ಕೆ ಕೈ ಹಾಕಿದರೂ ಗಣಿತ ಅವರ ಜೊತೆಗಿತ್ತು. ತಿರುಚಿರಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಭೌತಶಾಸ್ತ್ರದ ಬಿ.ಎಸ್ಸಿ. ಆನರ್ಸ್ ಮುಗಿಸಿ, 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ನಾವೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಜಾಗಕ್ಕೆ ಬಂದರು. ಆಗ ಅವರಿಗೆ ಇಪ್ಪತ್ತು ವರ್ಷ.

ಸಂಸ್ಥೆಯಲ್ಲಿ ಆಗ ಸರ್ ಸಿ.ವಿ. ರಾಮನ್ ಇದ್ದರು. ನೊಬೆಲ್ ಬಂದು ಹನ್ನೆರಡು ವರ್ಷ ಕಳೆದಿತ್ತು. ಎಲೆಕ್ಟ್ರಿಕಲ್ ವಿಭಾಗಕ್ಕೆ ಸೇರಿದ್ದ ಹುಡುಗನ ಮನಸ್ಸು ಬೇಗನೆ ಭೌತಶಾಸ್ತ್ರದ ಕಡೆಗೆ ವಾಲಿತು. ರಾಮನ್ ಅವರೂ ಅವನ ಚುರುಕನ್ನು ಕಂಡು ತಮ್ಮ ವಿಭಾಗಕ್ಕೆ ಸೇರಿಸಿಕೊಂಡರು. ಈತ ಎಲೆಕ್ಟ್ರಿಕಲ್‌ಗೆ ತೀರಾ ಬುದ್ಧಿವಂತನಾದ ಎಂದು ರಾಮನ್ ಆ ವಿಭಾಗದ ಮುಖ್ಯಸ್ಥರಿಗೆ ಹೇಳಿದರಂತೆ ಎಂಬ ಕಥೆ ಇಂದಿಗೂ ಚಾಲ್ತಿಯಲ್ಲಿದೆ. ನಮ್ಮ ಬ್ರಾಂಚ್‌ನವರಿಗೆ ಈ ಮಾತು ಸ್ವಲ್ಪ ಚುರುಕ್ಕೆನ್ನುತ್ತದೆ, ಆದರೂ ಕೇಳಿ ನಗು ಬರುತ್ತದೆ.

ರಾಮನ್ ಅವರಿಗೆ ಆ ವರ್ಷಗಳಲ್ಲಿ ವಜ್ರದ ಹುಚ್ಚು. ಒಂದೇ ಮೂಲವಸ್ತು ಇಂಗಾಲದಿಂದ ಆಗಿದ್ದರೂ ಎರಡು ವಜ್ರಗಳು ಒಂದೇ ಥರ ಇರುವುದಿಲ್ಲ. ನೇರಳಾತೀತ ಬೆಳಕು ಬಿಟ್ಟರೆ ಕೆಲವು ನೀಲಿಯಾಗಿ ಹೊಳೆಯುತ್ತವೆ, ಕೆಲವು ಹಸಿರು ಮಿಶ್ರಿತ ಹಳದಿಯಾಗಿ, ಕೆಲವು ಹೊಳೆಯುವುದೇ ಇಲ್ಲ. ಒಂದೇ ಹರಳಿನೊಳಗೂ ಹೊಳೆಯುವ ಪಟ್ಟಿ, ಹೊಳೆಯದ ಪಟ್ಟಿ ಇರುತ್ತವೆ. ಒಳಗಿನ ರಚನೆಯಲ್ಲಿ ಏನು ವ್ಯತ್ಯಾಸವಿದ್ದರೆ ಹೀಗಾಗುತ್ತದೆ? ಇದನ್ನು ನೋಡಲು ಮಾಮೂಲಿ ಸೂಕ್ಷ್ಮದರ್ಶಕ ಸಾಲದು. ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದ ಸುಮಾರು 400ರಿಂದ 700 ನ್ಯಾನೋಮೀಟರ್. ವಜ್ರದಲ್ಲಿ ಅಕ್ಕಪಕ್ಕದ ಎರಡು ಇಂಗಾಲದ ಪರಮಾಣುಗಳ ನಡುವಿನ ಅಂತರ 0.154 ನ್ಯಾನೋಮೀಟರ್ ಮಾತ್ರ. ಪರಮಾಣುಗಳ ಸಾಲು ನೆಟ್ಟಗಿದೆಯೋ ಸೊಟ್ಟಗಿದೆಯೋ ತಿಳಿಯಬೇಕಾದರೆ ಅಷ್ಟೇ ಪುಟ್ಟ ಅಲೆ ಬೇಕು. ಅದು ಎಕ್ಸ್-ರೇ, ಶಾಲೆಯ ಪುಸ್ತಕದ ಕ್ಷ-ಕಿರಣ.

ಆದರೆ ಎಕ್ಸ್-ರೇಗೆ ಒಂದು ಹಠವಿದೆ. ಅದು ಗಾಜಿನ ಮಸೂರಕ್ಕೆ ಬಗ್ಗುವುದಿಲ್ಲ. ಬೆಳಕು ಗಾಜಿನೊಳಗೆ ಹೊಕ್ಕಾಗ ಚೆನ್ನಾಗಿ ಬಾಗುತ್ತದೆ, ಹಾಗಾಗಿ ಕನ್ನಡಕವೂ ಕ್ಯಾಮೆರಾವೂ ಸಾಧ್ಯವಾಯಿತು. ಎಕ್ಸ್-ರೇಗೆ ಎಲ್ಲ ವಸ್ತುಗಳ ವಕ್ರೀಭವನ ಸೂಚ್ಯಂಕವೂ ಒಂದಕ್ಕಿಂತ ಕೂದಲೆಳೆಯಷ್ಟು ಕಡಿಮೆ. ವ್ಯತ್ಯಾಸ ಲಕ್ಷದಲ್ಲಿ ಒಂದು ಪಾಲು, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ. ಅಂದರೆ ಕಿರಣ ಹೆಚ್ಚುಕಡಿಮೆ ನೇರವಾಗಿ ಹೋಗಿಬಿಡುತ್ತದೆ. ಆಸ್ಪತ್ರೆಯ ಎಕ್ಸ್-ರೇ ಚಿತ್ರವೂ ನಿಜವಾಗಿ ಒಂದು ನೆರಳು ಅಷ್ಟೇ. ಮಸೂರವಿಲ್ಲದೆ ಚಿತ್ರ ಮಾಡುವುದು ಹೇಗೆ ಎಂಬ ತೊಡಕಿಗೆ ರಾಮಚಂದ್ರನ್ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ದಾರಿ ಹುಡುಕಿದರು.

ಮೊದಲ ದಾರಿ ಸಿಕ್ಕಿದ್ದು 1944ರಲ್ಲಿ. ಬಿ.ಇ. ಮೊದಲ ವರ್ಷದ ಫಿಸಿಕ್ಸ್‌ನಲ್ಲಿ ಬ್ರಾಗ್ ನಿಯಮ ಓದುತ್ತೇವಲ್ಲ, ಪರಮಾಣುಗಳ ಪದರಗಳು ನಿರ್ದಿಷ್ಟ ಕೋನದಲ್ಲಿ ಮಾತ್ರ ಎಕ್ಸ್-ರೇಯನ್ನು ಪ್ರತಿಫಲಿಸುತ್ತವೆ ಎಂದು. ಸಾಮಾನ್ಯವಾಗಿ ತೆಳುವಾದ ಕಿರಣವನ್ನು ಹರಳಿನ ಒಂದು ಕಡೆ ಬಿಡುತ್ತಾರೆ, ಫಿಲ್ಮಿನ ಮೇಲೆ ಚುಕ್ಕೆಗಳು ಮೂಡುತ್ತವೆ. ರಾಮಚಂದ್ರನ್ ಸೂಜಿಮೊನೆಯಂಥ ರಂಧ್ರದಿಂದ ಹೊರಟ ಕಿರಣವನ್ನು ಹರಡಲು ಬಿಟ್ಟು ಇಡೀ ವಜ್ರದ ತಗಡಿನ ಮೇಲೆ ಬೀಳುವಂತೆ ಮಾಡಿದರು. ಆಗ ಫಿಲ್ಮಿನ ಚುಕ್ಕೆ ಬರೀ ಚುಕ್ಕೆಯಾಗಿ ಉಳಿಯಲಿಲ್ಲ, ಇಡೀ ಹರಳಿನ ಚಿತ್ರವೇ ಅಲ್ಲಿ ಮೂಡಿತು. ಹರಳಿನ ಪ್ರತಿ ಭಾಗವೂ ತಾನು ಎಷ್ಟು ಪ್ರತಿಫಲಿಸುತ್ತೇನೆ ಎಂಬುದನ್ನು ತಾನೇ ಬರೆದುಕೊಟ್ಟ ಹಾಗೆ.

ಇದರಲ್ಲೊಂದು ಸ್ವಾರಸ್ಯವಿದೆ. ಪರಮಾಣುಗಳ ಸಾಲು ಒಂದಿಷ್ಟೂ ತಪ್ಪದ ಭಾಗಕ್ಕಿಂತ, ಸ್ವಲ್ಪ ಏರುಪೇರಾದ ಭಾಗ ಒಟ್ಟಾರೆ ಹೆಚ್ಚು ಎಕ್ಸ್-ರೇಯನ್ನು ಪ್ರತಿಫಲಿಸುತ್ತದೆ. ಹೀಗಾಗಿ ಫಿಲ್ಮಿನ ಮೇಲೆ ದೋಷವಿರುವ ಜಾಗವೇ ಎದ್ದು ಕಾಣುತ್ತದೆ. ರಾಮಚಂದ್ರನ್ ಈ ಚಿತ್ರಗಳನ್ನು ಅದೇ ವಜ್ರಗಳು ಹೊಳೆಯುವಾಗ ತೆಗೆದ ಚಿತ್ರಗಳ ಪಕ್ಕದಲ್ಲಿಟ್ಟು ಹೋಲಿಸಿದರು. ವಜ್ರಕ್ಕೆ ಒಂದು ಗೀರೂ ಬೀಳಲಿಲ್ಲ. ಬೆಂಗಳೂರಿನಿಂದ ಪ್ರಕಟವಾಗುತ್ತಿದ್ದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಈ ಲೇಖನ ಬಂತು. ಎಕ್ಸ್-ರೇ ಟೋಪೋಗ್ರಫಿ ಎಂದು ಇಂದು ಕರೆಯುವ ವಿದ್ಯೆಯ ಆರಂಭದ ಕೆಲಸಗಳಲ್ಲಿ ಇದೂ ಒಂದು. ಈಗ ಸಿಲಿಕಾನ್ ಮತ್ತು ಸಿಲಿಕಾನ್ ಕಾರ್ಬೈಡ್ ತಟ್ಟೆಗಳಲ್ಲಿ ದೋಷ ಹುಡುಕಲು ಇದೇ ವಿದ್ಯೆ ಬಳಕೆಯಲ್ಲಿದೆ. ಎಲೆಕ್ಟ್ರಿಕ್ ವಾಹನಗಳ ಪವರ್ ಎಲೆಕ್ಟ್ರಾನಿಕ್ಸ್ ನಿಂತಿರುವುದು ಇಂಥ ತಟ್ಟೆಗಳ ಮೇಲೆ. ಅಂದರೆ ಅವರು ಬಿಟ್ಟು ಬಂದ ಎಲೆಕ್ಟ್ರಿಕಲ್‌ಗೆ ಅವರ ವಜ್ರದ ಕೆಲಸ ಸುತ್ತಿ ಬಳಸಿ ಬಂದು ಸೇರಿದೆ.

ಬೆಂಗಳೂರಿನ ದಿನಗಳಲ್ಲೇ ಅವರು ಎಕ್ಸ್-ರೇ ಸೂಕ್ಷ್ಮದರ್ಶಕಕ್ಕೆ ಬೇಕಾದ, ಕಿರಣಗಳನ್ನು ಒಂದೆಡೆ ಕೂಡಿಸುವ ಕನ್ನಡಿಯನ್ನೂ ರೂಪಿಸಿದರು. ಇಂಥ ಕನ್ನಡಿಯ ಗುಟ್ಟು ಸರಳ. ಕೆರೆಯ ನೀರಿಗೆ ಚಪ್ಪಟೆ ಕಲ್ಲನ್ನು ಮೇಲಿನಿಂದ ಹಾಕಿದರೆ ಮುಳುಗುತ್ತದೆ, ನೀರಿಗೆ ಸವರಿದಂತೆ ಓರೆಯಾಗಿ ಬೀಸಿದರೆ ಪುಟಿಯುತ್ತದೆ. ಎಕ್ಸ್-ರೇ ಕೂಡ ನುಣುಪಾದ ಕನ್ನಡಿಗೆ ನೇರವಾಗಿ ಬಿದ್ದರೆ ಒಳಹೊಕ್ಕುಬಿಡುತ್ತದೆ. ಒಂದು ಡಿಗ್ರಿಗಿಂತಲೂ ಕಡಿಮೆ ಕೋನದಲ್ಲಿ ಸವರಿಕೊಂಡು ಬಂದರೆ ಪೂರ್ತಿ ಪ್ರತಿಫಲಿಸುತ್ತದೆ. ಕನ್ನಡಿಯನ್ನು ಸರಿಯಾಗಿ ಬಾಗಿಸಿದರೆ ಕಿರಣಗಳು ಒಂದೆಡೆ ಸೇರುತ್ತವೆ. ಇಂದು ಇಂದೋರಿನ ಇಂಡಸ್-2ರಂಥ ಸಿಂಕ್ರೋಟ್ರಾನ್ ಕೇಂದ್ರಗಳಲ್ಲಿ ಕಿರಣವನ್ನು ಮಾದರಿಯ ಮೇಲೆ ಕೂಡಿಸುವುದು ಇದೇ ತತ್ತ್ವದ ಕನ್ನಡಿಗಳಿಂದ.

1947ರಲ್ಲಿ ಡಿ.ಎಸ್ಸಿ. ಪದವಿ ಪಡೆದ ಮೇಲೆ ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯಕ್ಕೆ ಹೋದರು. ಅಲ್ಲಿ ವೂಸ್ಟರ್ ಎಂಬ ಹರಳುತಜ್ಞರ ಮಾರ್ಗದರ್ಶನದಲ್ಲಿ ಎರಡು ವರ್ಷದಲ್ಲಿ ಪಿಎಚ್.ಡಿ. ಮುಗಿಸಿದರು. ಅಲ್ಲಿನ ಕೆಲಸ ಮೆಕ್ಯಾನಿಕಲ್, ಸಿವಿಲ್‌ನವರಿಗೆ ಹಿಡಿಸುವಂಥದ್ದು. ಒಂದು ಲೋಹ ಎಷ್ಟು ಗಡುಸು ಎಂದು ತಿಳಿಯಲು ನಾವು ಲ್ಯಾಬ್‌ನಲ್ಲಿ ಸರಳನ್ನು ಯುಟಿಎಂ ಯಂತ್ರಕ್ಕೆ ಸಿಕ್ಕಿಸಿ ಎಳೆಯುತ್ತೇವೆ. ಕಡಲೆಕಾಳಿನಷ್ಟು ಪುಟ್ಟ ಹರಳನ್ನು ಎಳೆಯುವುದು ಹೇಗೆ? ಹರಳಿನೊಳಗಿನ ಪರಮಾಣುಗಳು ಸುಮ್ಮನೆ ನಿಂತಿರುವುದಿಲ್ಲ, ಶಾಖಕ್ಕೆ ಸದಾ ನಡುಗುತ್ತಿರುತ್ತವೆ. ಮೆದುವಾದ ಹರಳಿನಲ್ಲಿ ನಡುಕ ಹೆಚ್ಚು, ಗಡುಸಾದದ್ದರಲ್ಲಿ ಕಡಿಮೆ. ಈ ನಡುಕದಿಂದ ಎಕ್ಸ್-ರೇ ಚುಕ್ಕೆಗಳ ಸುತ್ತ ಮಸುಕಾದ ಪ್ರಭೆ ಉಂಟಾಗುತ್ತದೆ. ಹಿಂದಿನವರು ಅನೇಕ ಸಲ ಕಡೆಗಣಿಸುತ್ತಿದ್ದ ಆ ಮಸುಕನ್ನೇ ಅಳೆದು, ಹರಳು ಯಾವ ದಿಕ್ಕಿನಲ್ಲಿ ಎಷ್ಟು ಗಡುಸು ಎಂದು ಲೆಕ್ಕ ಹಾಕುವ ಕ್ರಮವನ್ನು ರಾಮಚಂದ್ರನ್ ಮತ್ತು ವೂಸ್ಟರ್ ಬೆಳೆಸಿದರು. ಇಲ್ಲಿಯೂ ಹರಳಿಗೆ ಏಟು ಬೀಳಲಿಲ್ಲ.

1949ರಲ್ಲಿ ಬೆಂಗಳೂರಿಗೆ ಮರಳಿ ಅದೇ ಸಂಸ್ಥೆಯಲ್ಲಿ ಪಾಠ ಮಾಡಿದರು. 1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ಅವರನ್ನು ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿ ಕರೆಯಿತು. ವಯಸ್ಸು ಇನ್ನೂ ಮೂವತ್ತರ ಆಸುಪಾಸು. ಅಲ್ಲೊಂದು ಎಕ್ಸ್-ರೇ ಪ್ರಯೋಗಾಲಯವನ್ನು ಹೊಸದಾಗಿ ಕಟ್ಟಬೇಕಿತ್ತು, ಏನನ್ನು ನೋಡಬೇಕು ಎಂಬುದನ್ನೂ ಆರಿಸಬೇಕಿತ್ತು. ಆ ವರ್ಷ ಮದ್ರಾಸಿಗೆ ಬಂದಿದ್ದ ಇಂಗ್ಲೆಂಡಿನ ಹರಳುತಜ್ಞ ಜೆ.ಡಿ. ಬರ್ನಾಲ್, ಕೊಲ್ಲಾಜೆನ್‌ನ ರಚನೆ ಇನ್ನೂ ಯಾರಿಗೂ ಸರಿಯಾಗಿ ಬಗೆಹರಿದಿಲ್ಲ ಎಂದು ಸೂಚಿಸಿದರು. ಕೊಲ್ಲಾಜೆನ್ ಎಂದರೆ ನಮ್ಮ ಚರ್ಮ, ಮೂಳೆ, ಸ್ನಾಯುರಜ್ಜುಗಳನ್ನು ಹಿಡಿದಿಡುವ ಪ್ರೋಟೀನ್. ಕಾಲಿನ ಚಪ್ಪಲಿಯ ಚರ್ಮವೂ ಬಹುಪಾಲು ಅದೇ. ಮದ್ರಾಸಿನಲ್ಲೇ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯೂ ಇತ್ತು.

ಕೊಲ್ಲಾಜೆನ್ ವಜ್ರದ ಹಾಗೆ ಅಚ್ಚುಕಟ್ಟಾದ ಹರಳಲ್ಲ, ಅದು ನಾರು. ಅದರ ಎಕ್ಸ್-ರೇ ಚಿತ್ರದಲ್ಲಿ ಸಿಗುವುದು ಕೆಲವೇ ಮಸುಕು ಗುರುತುಗಳು. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ ಆ ಗುರುತುಗಳಿಗೆ ಹೊಂದುವಂತೆ ಮಾದರಿ ಕಟ್ಟುತ್ತಾ ಹೋದರು. ಈ ಪ್ರೋಟೀನ್‌ನಲ್ಲಿ ಮೂರರಲ್ಲೊಂದು ಅಮೈನೋ ಆಮ್ಲ ಗ್ಲೈಸೀನ್ ಎಂಬುದು ಒಂದು ಸುಳಿವಾಯಿತು. ಗ್ಲೈಸೀನ್ ಎಲ್ಲಕ್ಕಿಂತ ಚಿಕ್ಕದು. ಪ್ರತಿ ಮೂರನೆಯ ಜಾಗದಲ್ಲೂ ಅತಿ ಚಿಕ್ಕದೇ ಬೇಕಾದರೆ, ಅಲ್ಲಿ ಬೇರೆಯದಕ್ಕೆ ಜಾಗವೇ ಇಲ್ಲ ಎಂದರ್ಥ. ಅಂದರೆ ಮೂರು ಎಳೆಗಳು ಒತ್ತೊತ್ತಾಗಿ ಕೂಡಿವೆ, ಗ್ಲೈಸೀನ್ ನಡುವಿನ ಇಕ್ಕಟ್ಟಿನಲ್ಲಿದೆ. 1954ರಲ್ಲಿ ಅವರ ಮೂರೆಳೆಯ ಮಾದರಿ ನೇಚರ್ ಪತ್ರಿಕೆಯಲ್ಲಿ ಬಂತು. ಮರುವರ್ಷ ಅದನ್ನು ತಿದ್ದಿ, ಎಳೆಗಳು ಒಂದನ್ನೊಂದು ಸುತ್ತಿಕೊಂಡಿವೆ ಎಂದು ತೋರಿಸಿದರು. ಪ್ರತಿ ಎಳೆ ಎಡಕ್ಕೆ ತಿರುಚಿಕೊಂಡಿದೆ, ಮೂರೂ ಸೇರಿ ಬಲಕ್ಕೆ ಹೊಸೆದುಕೊಂಡಿವೆ. ಒಂದು ಕಾಲದಲ್ಲಿ ಹತ್ತಿ ಗಿರಣಿಗಳ ಊರಾಗಿದ್ದ ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೂಲನ್ನು ಒಂದು ಕಡೆಗೆ ತಿರುಚಿ, ಹುರಿ ಮಾಡುವಾಗ ಇನ್ನೊಂದು ಕಡೆಗೆ ಹೊಸೆದರೆ ಮಾತ್ರ ಅದು ಬಿಚ್ಚಿಕೊಳ್ಳದೆ ಗಟ್ಟಿಯಾಗಿ ನಿಲ್ಲುತ್ತದೆ.

ಕೆಲಸಕ್ಕೆ ಹೊಗಳಿಕೆಯ ಜೊತೆ ಟೀಕೆಯೂ ಬಂತು. ಡಿಎನ್‌ಎ ರಚನೆಯಿಂದ ಹೆಸರಾಗಿದ್ದ ಫ್ರಾನ್ಸಿಸ್ ಕ್ರಿಕ್ ಮತ್ತು ಅಲೆಕ್ಸಾಂಡರ್ ರಿಚ್ 1955ರಲ್ಲಿ ತಮ್ಮದೇ ಮಾದರಿ ಮುಂದಿಟ್ಟರು. ಮದ್ರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ಇರಬಾರದಷ್ಟು ಹತ್ತಿರ ಬಂದಿವೆ ಎಂಬುದು ಅವರ ಆಕ್ಷೇಪ. ಮೂರೆಳೆಯ ಮೂಲ ಕಲ್ಪನೆ ರಾಮಚಂದ್ರನ್ ಅವರದೇ ಆಗಿ ಉಳಿಯಿತು. ಎಳೆಗಳ ನಡುವಿನ ಹೈಡ್ರೋಜನ್ ಬಂಧಗಳು ಎಷ್ಟು ಎಂಬ ವಿವರದಲ್ಲಿ ಟೀಕಾಕಾರರ ಮಾತಿಗೂ ಬಲವಿತ್ತು.

ನನಗೆ ಅವರ ಬದುಕಿನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಆಮೇಲೆ ಅವರು ಮಾಡಿದ ಕೆಲಸ. ಹತ್ತಿರ ಎಂದರೆ ಎಷ್ಟು ಹತ್ತಿರ? ಪರಮಾಣುಗಳು ನಿಜವಾಗಿ ಎಲ್ಲಿಯವರೆಗೆ ಸನಿಹ ಬರಬಲ್ಲವು? ಈ ಪ್ರಶ್ನೆಗೆ ಯಾರ ಬಳಿಯೂ ಖಚಿತ ಉತ್ತರ ಇರಲಿಲ್ಲ. ರಾಮಚಂದ್ರನ್ ಅದುವರೆಗೆ ಬಗೆಹರಿದಿದ್ದ ಹರಳುಗಳ ರಚನೆಗಳನ್ನು ತೆರೆದು, ಪರಮಾಣುಗಳ ನಡುವಿನ ಕನಿಷ್ಠ ಅಂತರಗಳನ್ನು ಕಲೆಹಾಕಿಸಿದರು. ಆಮೇಲೆ ವಿ. ಶಶಿಶೇಖರನ್ ಮತ್ತು ಸಿ. ರಾಮಕೃಷ್ಣನ್ ಜೊತೆಗೂಡಿ ಪ್ರೋಟೀನ್ ಸರಪಳಿಯ ಲೆಕ್ಕ ಹಿಡಿದರು. ಸರಪಳಿಯ ಪ್ರತಿ ಕೊಂಡಿಯಲ್ಲಿ ಮುಖ್ಯವಾಗಿ ಎರಡು ಕಡೆ ತಿರುಗಲು ಅವಕಾಶವಿದೆ, ಬಾಗಿಲಿಗೆ ಎರಡು ಕೀಲು ಇದ್ದಂತೆ. ಒಂದು ಕೋನವನ್ನು ಅಡ್ಡಕ್ಕೆ, ಇನ್ನೊಂದನ್ನು ಉದ್ದಕ್ಕೆ ಇಟ್ಟು ನಕ್ಷೆ ಬರೆದರು. ಪರಮಾಣುಗಳು ಒಂದಕ್ಕೊಂದು ಢಿಕ್ಕಿ ಹೊಡೆಯುವ ಕೋನಗಳನ್ನೆಲ್ಲ ತೆಗೆದುಹಾಕಿದರೆ, ನಕ್ಷೆಯಲ್ಲಿ ಉಳಿದದ್ದು ಕೆಲವೇ ಪುಟ್ಟ ದ್ವೀಪಗಳು. ಈಗಿನಂಥ ಕಂಪ್ಯೂಟರ್ ಇಲ್ಲದ ಕಾಲದಲ್ಲಿ, 1963ರಲ್ಲಿ ಈ ನಕ್ಷೆ ಪ್ರಕಟವಾಯಿತು. ಇಂದು ಜಗತ್ತಿನ ಯಾವುದೇ ಪ್ರಯೋಗಾಲಯ ಪ್ರೋಟೀನ್‌ನ ರಚನೆ ಕಂಡುಹಿಡಿದರೂ, ಅದು ಸರಿಯಿದೆಯೇ ಎಂದು ಮೊದಲು ಒರೆ ಹಚ್ಚುವುದು ರಾಮಚಂದ್ರನ್ ನಕ್ಷೆಗೆ. ಟೀಕೆ ಬಂದಾಗ ವಾದ ಬೆಳೆಸುತ್ತಾ ಕೂರದೆ, ವಾದ ತೀರ್ಮಾನಿಸುವ ಅಳತೆಗೋಲನ್ನೇ ಮಾಡಿಟ್ಟರು. ಅದು ಈಗ ಎಲ್ಲರಿಗೂ ಅಳತೆಗೋಲು.

1970ರ ಸುಮಾರಿಗೆ ಮದ್ರಾಸ್ ಬಿಟ್ಟು ಮತ್ತೆ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಬಂದು, ಅಣು ಜೈವಿಕ ಭೌತಶಾಸ್ತ್ರದ ಹೊಸ ವಿಭಾಗವನ್ನು ಕಟ್ಟಿದರು. ನಡುವೆ ಶಿಕಾಗೋದಲ್ಲೂ ಕೆಲಸ ಮಾಡಿದರು. 1971ರಲ್ಲಿ ಎ.ವಿ. ಲಕ್ಷ್ಮೀನಾರಾಯಣನ್ ಅವರೊಂದಿಗೆ ಬರೆದ ಒಂದು ಲೇಖನ ನಮ್ಮ ಬ್ರಾಂಚ್‌ನವರು ಓದಲೇಬೇಕಾದದ್ದು. ವಸ್ತುವಿನ ಎಕ್ಸ್-ರೇ ನೆರಳುಗಳನ್ನು ಸುತ್ತಲಿಂದ ಹಲವು ಕೋನಗಳಲ್ಲಿ ತೆಗೆದರೆ, ಅವುಗಳಿಂದ ಒಳಗಿನ ಚಿತ್ರವನ್ನು ಮರಳಿ ಕಟ್ಟಬಹುದು. ಆದರೆ ನೆರಳುಗಳನ್ನು ಸುಮ್ಮನೆ ಕೂಡಿಸಿದರೆ ಎಲ್ಲ ಕಲಸಿಹೋಗುತ್ತದೆ. ಫೂರಿಯೇ ಪರಿವರ್ತನೆಯ ಮೂಲಕ ಬಿಡಿಸಬಹುದು, ಆದರೆ ಆ ಕಾಲದ ಕಂಪ್ಯೂಟರಿಗೆ ಅದು ಭಾರದ ಲೆಕ್ಕ. ರಾಮಚಂದ್ರನ್ ಮತ್ತು ಲಕ್ಷ್ಮೀನಾರಾಯಣನ್, ಪ್ರತಿ ನೆರಳನ್ನೂ ಮೊದಲು ಒಂದು ಸಣ್ಣ ಅಂಕಿಗಳ ಸಾಲಿನೊಂದಿಗೆ ಕನ್ವಲ್ಯೂಶನ್ ಮಾಡಿ ಆಮೇಲೆ ಕೂಡಿಸಿದರೆ ಸಾಕು, ಚಿತ್ರ ಬೇಗನೆ ಸ್ಪಷ್ಟವಾಗಿ ಬರುತ್ತದೆ ಎಂದು ತೋರಿಸಿದರು. ಸಿಗ್ನಲ್ಸ್ ಪಾಠದಲ್ಲಿ ಇದು ಯಾಕಪ್ಪಾ ಎಂದು ನಾವು ತಲೆ ಚಚ್ಚಿಕೊಳ್ಳುವ ಅದೇ ಕನ್ವಲ್ಯೂಶನ್!

ಆ ಸಾಲಿಗೆ ಇಬ್ಬರ ಹೆಸರಿನ ಮೊದಲಕ್ಷರಗಳಿಂದ ರಾಮ್-ಲಾಕ್ ಫಿಲ್ಟರ್ ಎಂದು ಹೆಸರು ಬಂದಿದೆ. ಮ್ಯಾಟ್‌ಲ್ಯಾಬ್‌ನಲ್ಲಿ ನೆರಳುಗಳಿಂದ ಚಿತ್ರ ಕಟ್ಟುವ ಆದೇಶ ಕೊಟ್ಟರೆ, ನೀವು ಬೇರೆ ಏನನ್ನೂ ಹೇಳದಿದ್ದಾಗ ಅದು ಬಳಸುವುದು ಇದನ್ನೇ. ಆಸ್ಪತ್ರೆಯ ಸಿ.ಟಿ. ಸ್ಕ್ಯಾನ್ ಮಾತ್ರವಲ್ಲ, ಎರಕದೊಳಗಿನ ಗುಳ್ಳೆ, ಕಾಂಕ್ರೀಟಿನ ಬಿರುಕು, ಬ್ಯಾಟರಿಯ ಒಳಪದರಗಳನ್ನು ಒಡೆಯದೆ ನೋಡುವ ಯಂತ್ರಗಳೂ ನಿಂತಿರುವುದು ಈ ಬಗೆಯ ಗಣಿತದ ಮೇಲೆ. ಸಿ.ಟಿ. ಸ್ಕ್ಯಾನ್‌ಗಾಗಿ 1979ರ ನೊಬೆಲ್ ಕಾರ್ಮ್ಯಾಕ್ ಮತ್ತು ಹೌನ್ಸ್‌ಫೀಲ್ಡ್ ಅವರಿಗೆ ಬಂತು, ಅವರ ಕೆಲಸಕ್ಕೆ ಅದು ಸಲ್ಲಬೇಕಾದದ್ದೇ. ರಾಮಚಂದ್ರನ್ ಅವರಿಗೆ ನೊಬೆಲ್ ಬರಲೇ ಇಲ್ಲ. 1961ರಲ್ಲಿ ಭಟ್ನಾಗರ್ ಪ್ರಶಸ್ತಿ, 1977ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, 1999ರಲ್ಲಿ ಹರಳುವಿಜ್ಞಾನದ ಅಂತರರಾಷ್ಟ್ರೀಯ ಒಕ್ಕೂಟದ ಎವಾಲ್ಡ್ ಪ್ರಶಸ್ತಿ ಬಂದವು. ಕೊನೆಯ ವರ್ಷಗಳು ಅನಾರೋಗ್ಯದಲ್ಲಿ ಕಳೆದವು. 1998ರಲ್ಲಿ ಪತ್ನಿ ರಾಜಲಕ್ಷ್ಮಿ ತೀರಿಕೊಂಡ ಮೇಲೆ ಅವರು ಇನ್ನಷ್ಟು ಕುಗ್ಗಿದರು. 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ನಿಧನರಾದರು. ಈಗ ಬಿ.ಇ. ಓದುತ್ತಿರುವ ನಾವು ಬಹಳಷ್ಟು ಜನ ಆಗ ಹುಟ್ಟಿಯೇ ಇರಲಿಲ್ಲ.

ಗೆಳೆಯರೇ, ನಮ್ಮಲ್ಲಿ ಸಿಇಟಿ ರ್ಯಾಂಕ್ ಬಂದ ದಿನವೇ ಬ್ರಾಂಚ್ ನಿರ್ಧಾರವಾಗಿಬಿಡುತ್ತದೆ. ಆಮೇಲೆ ಅದು ಜಾತಕದ ಹಾಗೆ. ಎಲೆಕ್ಟ್ರಿಕಲ್‌ನವನಿಗೆ ಮೆಟೀರಿಯಲ್ಸ್ ಯಾಕೆ, ಸಿವಿಲ್‌ನವಳಿಗೆ ಫೂರಿಯೇ ಯಾಕೆ, ಪ್ಲೇಸ್‌ಮೆಂಟ್‌ಗೆ ಬೇಕಾದಷ್ಟು ಕೋಡಿಂಗ್ ಕಲಿತರೆ ಸಾಕಲ್ಲ ಎಂಬ ಮಾತು ಮನೆಯಲ್ಲೂ ಕ್ಯಾಂಟೀನಿನಲ್ಲೂ ಕೇಳುತ್ತದೆ. ಅದನ್ನು ತಪ್ಪೆನ್ನಲಾರೆ. ಫೀಸು ಕಟ್ಟಲು ಸಾಲ ಮಾಡಿದ ಅಪ್ಪ ಅಮ್ಮನಿಗೆ ಕೆಲಸ ಬೇಗ ಸಿಗಲಿ ಎಂಬ ಆಸೆ ಸಹಜ. ಎಲ್ಲರಿಗೂ ವಿಭಾಗ ಬದಲಿಸಿಕೊಡುವ ರಾಮನ್ ಸಿಗುವುದೂ ಇಲ್ಲ.

ಆದರೂ ರಾಮಚಂದ್ರನ್ ಬದುಕನ್ನು ಓದಿದ ಮೇಲೆ ನಾನೊಂದು ತೀರ್ಮಾನಕ್ಕೆ ಬಂದಿದ್ದೇನೆ. ಎಲೆಕ್ಟ್ರಿಕಲ್ ಬಿಟ್ಟದ್ದರಿಂದಲೇ ಅವರು ದೊಡ್ಡವರಾದರು ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಹಿಡಿದ ಪ್ರಶ್ನೆಯನ್ನು ಬಿಡದೆ, ಅದು ಭೌತಶಾಸ್ತ್ರಕ್ಕೆ ಹೋದರೆ ಅಲ್ಲಿಗೆ, ಚರ್ಮಕ್ಕೆ ಹೋದರೆ ಅಲ್ಲಿಗೆ, ಗಣಿತಕ್ಕೆ ಹೋದರೆ ಅಲ್ಲಿಗೆ ಹೋದರು. ನಮ್ಮ ಕಾಲೇಜುಗಳಲ್ಲಿ ಒಂದು ಲ್ಯಾಬ್‌ನಿಂದ ಇನ್ನೊಂದು ಲ್ಯಾಬ್‌ಗೆ ಇರುವುದು ಒಂದು ಕಾರಿಡಾರ್‌ನ ದೂರ. ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ನಾನು ಆ ಕಾರಿಡಾರ್ ದಾಟಿ ಮೆಕ್ಯಾನಿಕಲ್‌ನ ಗೆಳೆಯರನ್ನು ಕೇಳಬೇಕೆಂದಿದ್ದೇನೆ. ಎರಕದ ತುಂಡು ಅವರದು, ನೆರಳುಗಳಿಂದ ಚಿತ್ರ ಕಟ್ಟುವ ಲೆಕ್ಕ ನನ್ನದು. ಫಿಲ್ಟರ್ ಯಾವುದು ಎಂದು ಯಾರಾದರೂ ಕೇಳಿದರೆ ಹೇಳಲು ಒಂದು ಕಥೆಯೂ ಈಗ ನನ್ನ ಬಳಿ ಇದೆ.

– ಬಿ.ಇ. ವಿದ್ಯಾರ್ಥಿ, ಆನೆಕೊಂಡ, ದಾವಣಗೆರೆ